ತೀರ್ಪಾದ ಮೇಲೆ ಬರುವ ವೈದ್ಯ: ಮರಣದಂಡನೆ ಮತ್ತು ಮನೋರೋಗದ ಕಾನೂನು ನಡೆದು ಬಂದ ದಾರಿ

ಘೋರ ಕೊಲೆಯೊಂದು ನಡೆದಾಗಲೆಲ್ಲ ನಮ್ಮಲ್ಲಿ ಎರಡು ಮಾತು ಒಟ್ಟಿಗೇ ಏಳುತ್ತವೆ. ಒಂದು, ‘ಇವನನ್ನು ನೇಣಿಗೆ ಹಾಕಬೇಕು’. ಇನ್ನೊಂದು, ‘ತಲೆ ನೆಟ್ಟಗಿರುವವನು ಇಂಥ ಕೆಲಸ ಮಾಡುತ್ತಾನೆಯೇ?’ ಮೊದಲನೆಯ ಮಾತು ಬೇಗ ಬೀದಿಗೆ ಬರುತ್ತದೆ, ಪ್ಲಕಾರ್ಡಿನ ಮೇಲೆ ಕೂರುತ್ತದೆ. ಎರಡನೆಯದು ಗೊಣಗಾಟವಾಗಿಯೇ ಉಳಿಯುತ್ತದೆ. ಭಾರತದ ನ್ಯಾಯಾಲಯಗಳು ಮಾತ್ರ ಈ ಎರಡನೆಯ ಮಾತನ್ನು ಬಿಡುವಂತಿಲ್ಲ. ಆರೋಪಿಯ ಮನಸ್ಸಿನ ಸ್ಥಿತಿಯನ್ನು ಯಾವಾಗ ನೋಡಬೇಕು, ಯಾರು ನೋಡಬೇಕು, ನೋಡಿದ ಮೇಲೆ ಶಿಕ್ಷೆ ಎಷ್ಟು ಬದಲಾಗಬೇಕು ಎಂಬ ಪ್ರಶ್ನೆಗಳ ಜೊತೆ ಅವು 160 ವರ್ಷಗಳಿಂದ ಗುದ್ದಾಡುತ್ತಾ ಬಂದಿವೆ.

ಈ ಹಾದಿಯನ್ನು ಮೊದಲಿನಿಂದ ನೋಡುತ್ತಾ ಬಂದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಮ್ಮ ವ್ಯವಸ್ಥೆಯಲ್ಲಿ ಮನೋವೈದ್ಯರು ಬರುವುದು ತೀರಾ ತಡವಾಗಿ. ಎಷ್ಟೋ ಕೈದಿಗಳನ್ನು ಮನೋವೈದ್ಯರು ಮೊದಲ ಸಲ ಕೂರಿಸಿಕೊಂಡು ಮಾತನಾಡಿಸುವುದು ಮರಣದಂಡನೆ ಘೋಷಣೆಯಾದ ಮೇಲೆ.

ಅಪರಾಧದ ಕ್ಷಣವೊಂದೇ

ಆರಂಭ ಲಂಡನ್ನಿನಲ್ಲಿ. 1843ರಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬಾತ ಪ್ರಧಾನಿ ರಾಬರ್ಟ್ ಪೀಲ್ ಎಂದು ಭಾವಿಸಿ ಅವರ ಕಾರ್ಯದರ್ಶಿಯನ್ನು ಗುಂಡಿಟ್ಟು ಕೊಂದ. ತನ್ನನ್ನು ಯಾರೋ ಬೆನ್ನಟ್ಟಿ ಕಾಡುತ್ತಿದ್ದಾರೆ ಎಂಬ ಭ್ರಮೆ ಅವನಿಗಿತ್ತು. ಜ್ಯೂರಿ ಅವನನ್ನು ಮತಿವಿಕಲನೆಂದು ಖುಲಾಸೆ ಮಾಡಿದಾಗ ದೊಡ್ಡ ಗದ್ದಲವೆದ್ದಿತು. ಆ ಗದ್ದಲದಿಂದಲೇ ಮ್ಯಾಕ್‌ನಾಟನ್ ನಿಯಮಗಳು ಹುಟ್ಟಿದವು. 1860ರ ಭಾರತೀಯ ದಂಡ ಸಂಹಿತೆಯ 84ನೇ ಕಲಂ ಅದೇ ಬೇರಿನದು. ಕೃತ್ಯ ನಡೆದ ಹೊತ್ತಿಗೆ ಬುದ್ಧಿವಿಕಲತೆಯಿಂದಾಗಿ ತಾನು ಮಾಡುತ್ತಿರುವುದೇನು, ಅದು ತಪ್ಪೇ, ಕಾನೂನಿಗೆ ವಿರುದ್ಧವೇ ಎಂದು ತಿಳಿಯಲಾಗದವನು ಅಪರಾಧಿಯಲ್ಲ ಎನ್ನುತ್ತದೆ ಆ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ ಹೆಚ್ಚುಕಡಿಮೆ ಅದನ್ನೇ ಉಳಿಸಿಕೊಂಡಿದೆ.

ಈ ಬಾಗಿಲು ಬಹಳ ಕಿರಿದು. ವೈದ್ಯಶಾಸ್ತ್ರ ಹೇಳುವ ಮನೋರೋಗ ಬೇರೆ, ಕಾನೂನು ಒಪ್ಪುವ ಬುದ್ಧಿವಿಕಲತೆ ಬೇರೆ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ದಾಹ್ಯಾಭಾಯ್ ಠಕ್ಕರ್ ಪ್ರಕರಣದಲ್ಲಿ (1964) ಸುಪ್ರೀಂ ಕೋರ್ಟ್ ಸಾಬೀತಿನ ಹೊರೆಯನ್ನು ಆರೋಪಿಯ ಮೇಲೇ ಹೊರಿಸಿತು. ಸಿವಿಲ್ ದಾವೆಯಲ್ಲಿ ಬೇಕಾಗುವಷ್ಟು ಪುರಾವೆ ಸಾಕು ಎಂದು ಆ ಹೊರೆಯನ್ನು ತುಸು ಹಗುರವನ್ನೂ ಮಾಡಿತು. ಆದರೂ ವರ್ಷಗಟ್ಟಲೆ ಸ್ಕಿಜೋಫ್ರೇನಿಯಾದಿಂದ ನರಳಿದವನು ಕೃತ್ಯದ ನಂತರ ಓಡಿಹೋಗಿದ್ದರೆ, ಮಚ್ಚನ್ನು ಬಚ್ಚಿಟ್ಟಿದ್ದರೆ, ‘ಇವನಿಗೆ ತಪ್ಪಿನ ಅರಿವಿತ್ತು’ ಎನ್ನಲು ಅದೇ ಆಧಾರವಾಗಿಬಿಡುತ್ತದೆ. ಇನ್ನು ಬಡವನ ಮನೆಯಲ್ಲಿ ಹಳೆಯ ಚಿಕಿತ್ಸೆಯ ಚೀಟಿ ಎಲ್ಲಿ ಹುಡುಕುವುದು? ಆಸ್ಪತ್ರೆಯ ಮುಖವನ್ನೇ ಕಾಣದ ಕಾಯಿಲೆಗೆ ದಾಖಲೆ ಇರುವುದಿಲ್ಲ.

ಶಿಕ್ಷೆಯ ತಕ್ಕಡಿಗೆ ಬಂದ ಮನಸ್ಸು

1955ರವರೆಗೆ ಕೊಲೆಗೆ ಮರಣದಂಡನೆಯೇ ವಾಡಿಕೆಯಾಗಿತ್ತು. ಅದನ್ನು ಕೊಡದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕಿತ್ತು. ಆ ವರ್ಷದ ತಿದ್ದುಪಡಿ ಆ ಷರತ್ತನ್ನು ತೆಗೆಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಲೆಕ್ಕವನ್ನು ಪೂರಾ ತಿರುಗಿಸಿತು. ಜೀವಾವಧಿ ಶಿಕ್ಷೆಯೇ ನಿಯಮವಾಯಿತು, ಮರಣದಂಡನೆ ಕೊಡಬೇಕಾದರೆ ‘ವಿಶೇಷ ಕಾರಣ’ ಬರೆಯಬೇಕಾಯಿತು. ಅಪರಾಧ ಸಾಬೀತಾದ ಮೇಲೆ ಶಿಕ್ಷೆಯ ಪ್ರಮಾಣದ ಬಗ್ಗೆ ಪ್ರತ್ಯೇಕ ವಿಚಾರಣೆ ನಡೆಯಬೇಕೆಂಬ ನಿಯಮವೂ ಆಗಲೇ ಬಂತು.

1980ರ ಬಚನ್ ಸಿಂಗ್ ತೀರ್ಪು ಈ ಬೆಳವಣಿಗೆಯ ತಿರುವು. ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಮರಣದಂಡನೆ ಸಂವಿಧಾನಬದ್ಧ ಎಂದರು, ಪಿ.ಎನ್. ಭಗವತಿ ಒಬ್ಬರೇ ಭಿನ್ನಮತ ಬರೆದರು. ‘ಅಪರೂಪದಲ್ಲಿ ಅಪರೂಪ’ ಎಂಬ ಮಾನದಂಡ ಹುಟ್ಟಿದ್ದು ಈ ತೀರ್ಪಿನಲ್ಲಿ. ಅದೆಷ್ಟು ಪ್ರಸಿದ್ಧವೋ, ಅದೇ ತೀರ್ಪು ಮಾನ್ಯ ಮಾಡಿದ ಏಳು ಅಂಶಗಳ ಪಟ್ಟಿ ಅಷ್ಟೇ ಅಪ್ರಸಿದ್ಧ. ಶಿಕ್ಷೆಯನ್ನು ತಗ್ಗಿಸಬಲ್ಲ ಈ ಅಂಶಗಳಲ್ಲಿ ಮೊದಲನೆಯದು, ತೀವ್ರ ಮಾನಸಿಕ ಅಥವಾ ಭಾವನಾತ್ಮಕ ಕ್ಷೋಭೆಯಲ್ಲಿ ಅಪರಾಧ ನಡೆದಿದೆಯೇ ಎಂಬುದು. ಕೊನೆಯದು, ಮಾನಸಿಕ ನ್ಯೂನತೆಯಿಂದಾಗಿ ತನ್ನ ಕೃತ್ಯದ ಅಪರಾಧಸ್ವರೂಪವನ್ನು ಗ್ರಹಿಸುವ ಶಕ್ತಿ ಆರೋಪಿಗೆ ಕುಂದಿತ್ತೇ ಎಂಬುದು. ಅಂದರೆ 84ನೇ ಕಲಂನ ಕಿರಿದಾದ ಬಾಗಿಲಲ್ಲಿ ನುಸುಳಲಾಗದವನಿಗೂ ಶಿಕ್ಷೆಯ ಹಂತದಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಆತ ಸುಧಾರಿಸಲಾರ ಎಂಬುದನ್ನು ಪುರಾವೆಯೊಂದಿಗೆ ತೋರಿಸುವ ಹೊಣೆಯೂ ಸರ್ಕಾರದ್ದಾಯಿತು.

ಆದರೆ ಆ ಬಾಗಿಲ ಬಳಿ ಹೋದವರು ಕಡಿಮೆ. 1983ರ ಮಚ್ಚಿ ಸಿಂಗ್ ತೀರ್ಪು ‘ಅಪರೂಪ’ವನ್ನು ಐದು ಬಗೆಯಾಗಿ ವಿಂಗಡಿಸಿತು: ಕೊಲೆಯ ರೀತಿ, ಉದ್ದೇಶ, ಸಮಾಜಘಾತಕ ಸ್ವರೂಪ, ವ್ಯಾಪ್ತಿ, ಬಲಿಯಾದವರು ಯಾರು ಎಂಬುದು. ಐದೂ ಅಪರಾಧವನ್ನು ನೋಡುವ ಕಣ್ಣುಗಳೇ. ಅಪರಾಧಿ ಯಾರು, ಎಲ್ಲಿಂದ ಬಂದ, ಅವನ ತಲೆಯೊಳಗೆ ಏನಾಗಿತ್ತು ಎಂಬುದು ಹಿಂದೆ ಸರಿಯಿತು. ಅನೇಕ ಕಡೆ ಶಿಕ್ಷೆಯ ಮೇಲಿನ ವಾದ ಅಪರಾಧ ಸಾಬೀತಾದ ದಿನವೇ ಮುಗಿಯುತ್ತಿತ್ತು. ‘ವಯಸ್ಸು ಚಿಕ್ಕದು, ಮನೆಯಲ್ಲಿ ವಯಸ್ಸಾದ ತಂದೆತಾಯಿ ಇದ್ದಾರೆ’ ಎಂದು ವಕೀಲರು ಎರಡು ಸಾಲು ಹೇಳಿ ಕೂತರೆ ಒಂದು ಬದುಕಿನ ತೂಕ ಅಷ್ಟಕ್ಕೇ ಮುಗಿಯಿತು.

ಹಿಂಡಲಗಾ ಜೈಲಿನ ಕಥೆ

ಕರ್ನಾಟಕದ ಗಲ್ಲುಶಿಕ್ಷೆಯ ಚರಿತ್ರೆಯಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿಗೆ ದೊಡ್ಡ ಪಾತ್ರವಿದೆ. 1993ರ ಏಪ್ರಿಲ್‌ನಲ್ಲಿ ಮಲೆಮಹದೇಶ್ವರ ಬೆಟ್ಟದ ಸಮೀಪದ ಪಾಲಾರ್‌ನಲ್ಲಿ ವೀರಪ್ಪನ್ ತಂಡ ನೆಲಬಾಂಬ್ ಸ್ಫೋಟಿಸಿ 22 ಜನರನ್ನು ಕೊಂದಿತು. ಮೈಸೂರಿನ ಟಾಡಾ ನ್ಯಾಯಾಲಯ ನಾಲ್ವರಿಗೆ ಜೀವಾವಧಿ ವಿಧಿಸಿದರೆ, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮರಣದಂಡನೆಗೆ ಏರಿಸಿತು. ಅವರ ಕ್ಷಮಾದಾನ ಅರ್ಜಿ ಒಂಬತ್ತು ವರ್ಷ ಕಡತದಲ್ಲೇ ಉಳಿದು 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾಯಿತು. ಹಿಂಡಲಗಾದಲ್ಲಿ ನೇಣಿಗೆ ಸಿದ್ಧತೆಯ ಸುದ್ದಿ ಬರುತ್ತಿದ್ದಾಗ ಸುಪ್ರೀಂ ಕೋರ್ಟ್ ತಡೆ ನೀಡಿತು.

2014ರ ಜನವರಿ 21ರಂದು ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ ಈ ನಾಲ್ವರೂ ಸೇರಿ 15 ಜನರ ಗಲ್ಲುಶಿಕ್ಷೆ ಜೀವಾವಧಿಗೆ ಇಳಿಯಿತು. ಪಾಲಾರ್ ಪ್ರಕರಣದವರಿಗೆ ನೆರವಾದದ್ದು ವಿಳಂಬದ ಕಾರಣ. ಅದೇ ತೀರ್ಪು ಇನ್ನೊಂದು ಹೆಜ್ಜೆಯನ್ನೂ ಇಟ್ಟಿತು: ಮರಣದಂಡನೆಯಾದ ಮೇಲೆ ಸ್ಕಿಜೋಫ್ರೇನಿಯಾದಂಥ ಮನೋರೋಗಕ್ಕೆ ತುತ್ತಾದವನನ್ನು ನೇಣಿಗೇರಿಸಬಾರದು. ಗಲ್ಲು ನಿಗದಿಯಾದವರ ಮಾನಸಿಕ ಆರೋಗ್ಯವನ್ನು ಜೈಲು ಆಗಾಗ ಪರೀಕ್ಷಿಸುತ್ತಿರಬೇಕು ಎಂದೂ, ಅರ್ಜಿ ತಿರಸ್ಕಾರದ ಸುದ್ದಿ ತಲುಪಿದ ಮೇಲೆ ಕನಿಷ್ಠ 14 ದಿನ ಕೊಡಬೇಕು ಎಂದೂ ನ್ಯಾಯಾಲಯ ಹೇಳಿತು. ಅಪರಾಧದ ಕ್ಷಣಕ್ಕೆ ಕಟ್ಟಿಹಾಕಿದ್ದ ಪ್ರಶ್ನೆ ಹೀಗೆ ನೇಣುಗಂಬದ ತನಕ ಬಂತು.

ಹಿಂಡಲಗಾ ಮತ್ತೊಮ್ಮೆ ಸುದ್ದಿಯಾದದ್ದು 2022ರ ನವೆಂಬರ್‌ನಲ್ಲಿ. ಬೆಂಗಳೂರಿನ 1998ರ ಅತ್ಯಾಚಾರ, ಕೊಲೆ ಪ್ರಕರಣವೊಂದರ ಅಪರಾಧಿಯನ್ನು 2006ರಿಂದ 2016ರವರೆಗೆ ಅಲ್ಲಿ ಒಂಟಿ ಸೆರೆಯಲ್ಲಿ ಇಡಲಾಗಿತ್ತು. ಹಳೆಯ ದಂಡ ಸಂಹಿತೆಯ ಪ್ರಕಾರ ನ್ಯಾಯಾಲಯವೇ ಒಂಟಿ ಸೆರೆ ವಿಧಿಸಿದರೂ ಅದು ಒಟ್ಟು 3 ತಿಂಗಳು, ಒಮ್ಮೆಗೆ 14 ದಿನ ಮೀರುವಂತಿರಲಿಲ್ಲ. ಎಲ್ಲ ಕಾನೂನು ದಾರಿಗಳೂ ಮುಗಿಯುವ ತನಕ ಯಾರನ್ನೂ ಗಲ್ಲಿನ ಕೈದಿಯೆಂದು ಪ್ರತ್ಯೇಕಿಸಿ ಇಡುವಂತಿಲ್ಲ ಎಂದು ಸುನಿಲ್ ಬಾತ್ರಾ ಪ್ರಕರಣದಲ್ಲಿ 1978ರಲ್ಲೇ ತೀರ್ಪಾಗಿತ್ತು. ಸುಮಾರು ಹತ್ತು ವರ್ಷದ ಈ ಏಕಾಂತ ಕೈದಿಯ ಆರೋಗ್ಯವನ್ನು ಕೆಡಿಸಿದೆ ಎಂದು ಗುರುತಿಸಿದ ಸುಪ್ರೀಂ ಕೋರ್ಟ್ ಮರಣದಂಡನೆಯನ್ನು ಕನಿಷ್ಠ 30 ವರ್ಷಗಳ ಸೆರೆಗೆ ಬದಲಿಸಿತು. ಅವನ ಅಪರಾಧ ಭೀಕರವಾದದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ನ್ಯಾಯಾಧೀಶರೂ ವಿಧಿಸದ ಶಿಕ್ಷೆಯನ್ನು ಜೈಲು ಹತ್ತು ವರ್ಷ ಕೊಟ್ಟದ್ದು ಹೇಗೆ ಎಂಬ ಪ್ರಶ್ನೆಗೆ ನಾವೆಲ್ಲ ಉತ್ತರ ಕೊಡಬೇಕಾಗುತ್ತದೆ.

ಗೋಡೆಯೊಳಗಿನ ಲೆಕ್ಕ

ಜೈಲುಗಳ ಮಾನಸಿಕ ಆರೋಗ್ಯದ ನಿಜಸ್ಥಿತಿಯನ್ನು ಬೆಳಕಿಗೆ ತಂದವರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮುಂಚೂಣಿಯಲ್ಲಿದೆ. ಡಾ. ಸುರೇಶ್ ಬಡಾ ಮಠ ಮತ್ತು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನ ಬೆಂಗಳೂರು ಕೇಂದ್ರ ಕಾರಾಗೃಹದ 5,024 ಕೈದಿಗಳನ್ನು ಒಳಗೊಂಡಿತ್ತು. ಮದ್ಯ, ಮಾದಕವಸ್ತುಗಳ ಸಮಸ್ಯೆಯನ್ನು ಹೊರಗಿಟ್ಟರೂ ಶೇ 27.6ರಷ್ಟು ಕೈದಿಗಳಲ್ಲಿ ಗುರುತಿಸಬಹುದಾದ ಮಾನಸಿಕ ಕಾಯಿಲೆ ಇತ್ತು.

ಗಲ್ಲಿನ ಕೈದಿಗಳ ಬಗ್ಗೆ ಅಂಥ ಅಧ್ಯಯನ ಬಂದದ್ದು 2021ರಲ್ಲಿ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ ‘ಪ್ರಾಜೆಕ್ಟ್ 39ಎ’ ತಂಡ ನಿಮ್ಹಾನ್ಸ್ ತಜ್ಞರ ನೆರವಿನಿಂದ ಕರ್ನಾಟಕವೂ ಸೇರಿ ಐದು ರಾಜ್ಯಗಳ 88 ಕೈದಿಗಳನ್ನು ಸಂದರ್ಶಿಸಿತು. ಶೇ 62ರಷ್ಟು ಜನರಲ್ಲಿ ಮಾನಸಿಕ ಕಾಯಿಲೆ, ಶೇ 11ರಷ್ಟು ಜನರಲ್ಲಿ ಬೌದ್ಧಿಕ ನ್ಯೂನತೆ ಕಂಡಿತು. ಬೌದ್ಧಿಕ ನ್ಯೂನತೆ ಇದ್ದ ಒಂಬತ್ತು ಜನರಲ್ಲಿ ಯಾರೊಬ್ಬರ ವಿಚಾರಣೆಯಲ್ಲೂ ಆ ಸಂಗತಿ ನ್ಯಾಯಾಲಯದ ಗಮನಕ್ಕೇ ಬಂದಿರಲಿಲ್ಲ. ಈ ಅಂಕಿಗಳಲ್ಲಿ ಎರಡು ಕಥೆ ಬೆರೆತಿವೆ: ಕಾಯಿಲೆಯೊಂದಿಗೇ ಜೈಲಿಗೆ ಬಂದವರದು ಒಂದು, ನೇಣಿನ ಕಾಯುವಿಕೆಯಲ್ಲೇ ಕಾಯಿಲೆ ಬಿದ್ದವರದು ಇನ್ನೊಂದು. ಎರಡನ್ನೂ ಬಿಡಿಸಿ ನೋಡಲು ಬಂಧನವಾದ ದಿನಗಳಲ್ಲೇ ಪರೀಕ್ಷೆ ಆಗಿರಬೇಕು. ಆಗಿರುವುದಿಲ್ಲ.

2019ರಿಂದ ಈಚೆಗೆ

2019ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೈದಿಯ ಹೆಸರನ್ನೇ ಮರೆಮಾಚಿ ‘ಆರೋಪಿ ಎಕ್ಸ್’ ಎಂದು ಕರೆದು ಒಂದು ತೀರ್ಪು ನೀಡಿತು. ನ್ಯಾಯಮೂರ್ತಿ ಎನ್.ವಿ. ರಮಣ ನೇತೃತ್ವದ ಆ ಪೀಠದಲ್ಲಿ ನಮ್ಮವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ಇದ್ದರು. ಶಿಕ್ಷೆಯಾದ ನಂತರದ ತೀವ್ರ ಮನೋರೋಗ ಮೇಲ್ಮನವಿ ನ್ಯಾಯಾಲಯದಲ್ಲಿಯೇ ಶಿಕ್ಷೆ ತಗ್ಗಿಸಲು ಕಾರಣವಾಗಬಹುದು ಎಂದು ಪೀಠ ಹೇಳಿತು. ಆತನನ್ನು ಬಿಡುಗಡೆ ಮಾಡಲಿಲ್ಲ. ಬದುಕಿರುವ ತನಕ ಜೈಲು, ಜೊತೆಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆ ಎಂದಿತು. ಇಂಥ ವಾದವನ್ನು ನ್ಯಾಯಾಲಯ ಕಣ್ಣುಮುಚ್ಚಿ ಒಪ್ಪುವುದೂ ಇಲ್ಲ. ದೆಹಲಿಯ 2012ರ ಸಾಮೂಹಿಕ ಅತ್ಯಾಚಾರ, ಕೊಲೆ ಪ್ರಕರಣದ ಅಪರಾಧಿಯೊಬ್ಬ 2020ರ ಫೆಬ್ರುವರಿಯಲ್ಲಿ ಮಾನಸಿಕ ಅಸ್ವಾಸ್ಥ್ಯದ ಕಾರಣ ಮುಂದಿಟ್ಟಾಗ ಅದು ತಿರಸ್ಕೃತವಾಯಿತು. ಮಾರ್ಚ್ 20ರಂದು ಅವನೂ ಸೇರಿ ಆ ಪ್ರಕರಣದ ನಾಲ್ವರನ್ನು ಗಲ್ಲಿಗೇರಿಸಲಾಯಿತು.

2022ರ ಮೇ ತಿಂಗಳಲ್ಲಿ ಬಂದ ಮನೋಜ್ ತೀರ್ಪು ನನ್ನ ಮಟ್ಟಿಗೆ ಬಚನ್ ಸಿಂಗ್ ನಂತರದ ಬಹುಮುಖ್ಯ ಹೆಜ್ಜೆ. ಮರಣದಂಡನೆ ಕೇಳುವ ಪ್ರಕರಣದಲ್ಲಿ ಆರೋಪಿಯ ಮನೋವೈದ್ಯಕೀಯ ಮೌಲ್ಯಮಾಪನವನ್ನು ಸರ್ಕಾರವೇ ವಿಚಾರಣಾ ನ್ಯಾಯಾಲಯದ ಹಂತದಲ್ಲೇ ಸಲ್ಲಿಸಬೇಕು, ಅವನ ಬಾಲ್ಯ, ಕುಟುಂಬ, ಓದು, ಬಡತನ, ಜೈಲಿನ ನಡತೆ ಎಲ್ಲವೂ ಕಡತಕ್ಕೆ ಬರಬೇಕು ಎಂದಿತು. 2025ರ ಆಗಸ್ಟ್‌ನಲ್ಲಿ ವಸಂತ ಸಂಪತ್ ದುಪಾರೆ ಪ್ರಕರಣದಲ್ಲಿ, ಈ ನಿಯಮ ಪಾಲನೆಯಾಗದಿದ್ದರೆ ಮುಗಿದ ಪ್ರಕರಣದ ಶಿಕ್ಷೆಯ ಭಾಗವನ್ನೂ ಮತ್ತೆ ತೆರೆಯಬಹುದು ಎಂದು ತೀರ್ಮಾನವಾಯಿತು.

ಅಪರಾಧಕ್ಕೂ ಮೊದಲು

ಇಲ್ಲಿ ಒಂದು ಎಚ್ಚರಿಕೆ ಬೇಕು. ಮನೋರೋಗಿಗಳೆಂದರೆ ಕೊಲೆಗಡುಕರು ಎಂಬ ಭಾವನೆ ಶುದ್ಧ ಸುಳ್ಳು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ದಾಖಲಾದ ಕೊಲೆ ಪ್ರಕರಣ 28,522. ಅತಿ ಹೆಚ್ಚಿನವಕ್ಕೆ ಕಾರಣ ಜಗಳ, ವಿವಾದ, ನಂತರದ್ದು ವೈಯಕ್ತಿಕ ದ್ವೇಷ, ಆಮೇಲೆ ಲಾಭದಾಸೆ. 1998ರಲ್ಲಿ ಪ್ರಕಟವಾದ ಅಮೆರಿಕದ ಮೆಕ್‌ಆರ್ಥರ್ ಅಧ್ಯಯನವೂ, ವ್ಯಸನದ ಸಮಸ್ಯೆ ಇಲ್ಲದ ಮನೋರೋಗಿಗಳು ನೆರೆಹೊರೆಯವರಿಗಿಂತ ಹೆಚ್ಚು ಹಿಂಸಾಪರರಲ್ಲ ಎಂದು ತೋರಿಸಿತು. ಹಾಗಾಗಿ ಚಿಕಿತ್ಸೆಯನ್ನು ಕೊಲೆ ತಡೆಯುವ ಉಪಾಯವೆಂದು ಮಾತ್ರ ನೋಡಿದರೆ ರೋಗಿಗಳಿಗೆ ಇನ್ನೊಂದು ಅನ್ಯಾಯ ಮಾಡಿದಂತೆ. ಚಿಕಿತ್ಸೆ ಅವರ ಹಕ್ಕು. 2017ರ ಕಾಯ್ದೆಯ 18ನೇ ಕಲಂ ಅದನ್ನೇ ಹೇಳುತ್ತದೆ. 103ನೇ ಕಲಂ ಪ್ರತಿ ರಾಜ್ಯದ ಒಂದು ಜೈಲಿನಲ್ಲಾದರೂ ಮಾನಸಿಕ ಆರೋಗ್ಯ ಘಟಕ ಇರಬೇಕೆನ್ನುತ್ತದೆ.

ಹಕ್ಕು ಕಾಗದದಿಂದ ಊರಿಗೆ ಇಳಿಯುವ ದಾರಿಯನ್ನು ತೋರಿಸಿದ್ದು ನಮ್ಮ ಬಳ್ಳಾರಿ. 1985ರಿಂದ 1990ರವರೆಗೆ ನಿಮ್ಹಾನ್ಸ್ ಅಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮೂರ್ಛೆರೋಗ, ಸ್ಕಿಜೋಫ್ರೇನಿಯಾಗಳಿಗೆ ಊರ ಹತ್ತಿರವೇ ಮಾತ್ರೆ ಸಿಗುವಂತೆ ಮಾಡಿತು. ಆ ಮಾದರಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆ ಹಬ್ಬಿತು. ಮೂರು ದಶಕಗಳ ನಂತರವೂ ಕೊರತೆ ನೀಗಿಲ್ಲ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಮಾನಸಿಕ ಕಾಯಿಲೆ ಕಂಡುಬಂತು. ಹೆಚ್ಚಿನ ಕಾಯಿಲೆಗಳಲ್ಲಿ ಹತ್ತಕ್ಕೆ ಏಳಕ್ಕಿಂತ ಹೆಚ್ಚು ಮಂದಿಗೆ ಚಿಕಿತ್ಸೆ ಇರಲಿಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮನಸ್ ಸಹಾಯವಾಣಿ 14416 ಒಳ್ಳೆಯ ಹೆಜ್ಜೆ. ಆದರೆ ಕರೆ ಮುಗಿದ ಮೇಲೆ ಹೋಗಲು ಹತ್ತಿರದಲ್ಲಿ ಒಬ್ಬ ವೈದ್ಯರು ಇರಬೇಕಲ್ಲ!

ವಾದ ನಿಂತಿರುವ ಜಾಗ

ಮರಣದಂಡನೆ ಬೇಕೆನ್ನುವವರ ನೋವು ಹುಸಿಯಲ್ಲ. ಮಗಳನ್ನು ಕಳೆದುಕೊಂಡ ತಾಯಿಗೆ ಅಂಕಿಸಂಖ್ಯೆ ಓದಿ ಹೇಳುವುದು ಕ್ರೌರ್ಯ. ಆದರೆ ಅವಳಿಗೂ ನಾವು ಕೊಟ್ಟಿರುವುದು ವರ್ಷಗಟ್ಟಲೆ ಕೋರ್ಟಿನ ಅಲೆದಾಟ ಮತ್ತು ನೇಣಿನ ಭರವಸೆ ಮಾತ್ರ. ಈ ಶತಮಾನದಲ್ಲಿ ಗಲ್ಲಿಗೇರಿದವರು ಎಂಟು ಜನ. 2024ರ ಕೊನೆಗೆ ಗಲ್ಲುಶಿಕ್ಷೆ ಹೊತ್ತು ಜೈಲಲ್ಲಿದ್ದವರು 560ಕ್ಕೂ ಹೆಚ್ಚು. ಜೀವಾವಧಿಗಿಂತ ಮರಣದಂಡನೆ ಹೆಚ್ಚು ಭಯ ಹುಟ್ಟಿಸಿ ಅಪರಾಧ ತಡೆಯುತ್ತದೆ ಎನ್ನಲು ಪುರಾವೆಯಿಲ್ಲ ಎಂದು ನ್ಯಾಯಮೂರ್ತಿ ಎ.ಪಿ. ಶಾ ನೇತೃತ್ವದ ಕಾನೂನು ಆಯೋಗ 2015ರಲ್ಲಿ ಹೇಳಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧ ಯುದ್ಧದ ಪ್ರಕರಣಗಳನ್ನು ಬಿಟ್ಟು ಉಳಿದೆಡೆ ಅದನ್ನು ರದ್ದು ಮಾಡಲು ಶಿಫಾರಸು ಮಾಡಿತು. ಸಂಸತ್ತು ಅದರ ವಿರುದ್ಧ ದಿಕ್ಕಿನಲ್ಲಿ ನಡೆದು ಹೊಸ ಅಪರಾಧಗಳಿಗೂ ಗಲ್ಲನ್ನು ಸೇರಿಸಿತು.

ಮರಣದಂಡನೆ ಪೂರ್ತಿ ಹೋಗಬೇಕು ಎಂಬುದು ನನ್ನ ನಿಲುವು. ಅದನ್ನು ಒಪ್ಪದವರೂ ಮೂರು ಸಂಗತಿಗಳನ್ನು ಒಪ್ಪಬಹುದು ಎಂದು ನಂಬಿದ್ದೇನೆ. ತೀವ್ರ ಮನೋರೋಗ ಅಥವಾ ಬೌದ್ಧಿಕ ನ್ಯೂನತೆ ಇರುವವರನ್ನು ಗಲ್ಲಿನಿಂದ ಹೊರಗಿಡುವ ಸ್ಪಷ್ಟ ಶಾಸನ ಬರಬೇಕು. ಅದು ಒಂದೊಂದು ಪೀಠದ ಕರುಣೆಗೆ ಬಿಟ್ಟ ವಿಷಯವಾಗಬಾರದು. ಮನೋಜ್ ತೀರ್ಪು ಕೇಳುವ ವರದಿ ಬರೆಯಲು ಪ್ರತಿ ಜಿಲ್ಲೆಯಲ್ಲೂ ತರಬೇತಾದ, ಜೈಲು ಇಲಾಖೆಯ ಅಧೀನದಲ್ಲಿಲ್ಲದ ಮನೋವೈದ್ಯರು ಬೇಕು. ಮೂರನೆಯದಾಗಿ, ಕೊಲೆಯಾದವರ ಕುಟುಂಬಕ್ಕೆ ಪರಿಹಾರದ ಹಣದ ಜೊತೆ ಆಪ್ತ ಸಮಾಲೋಚನೆಯೂ ಹಕ್ಕಾಗಿ ಸಿಗಬೇಕು. ಒಬ್ಬನ ಕಾಯಿಲೆಗೆ ಮದ್ದು ಕೊಡಲು ಎಂದೂ ಬಾರದ ಸರ್ಕಾರ ಅವನ ಜೀವ ತೆಗೆಯಲು ಮಾತ್ರ ಬರುವುದಾದರೆ, ಆ ಶಿಕ್ಷೆಯನ್ನು ನ್ಯಾಯ ಎನ್ನಲು ನನ್ನಿಂದಾಗದು.