ಶ್ರೀಸಭೆಯೂ ಲೌಕಿಕ ಸಂಗೀತವೂ: ಒಂದು ಇತಿಹಾಸಾವಲೋಕನ

ನಮ್ಮ ಧರ್ಮಕೇಂದ್ರವು ನೂರು ವರುಷಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಗುರುಗಳನ್ನೂ ದಾನಿಗಳನ್ನೂ ಸ್ಮರಿಸುವಂತೆಯೇ ಗಾನವೃಂದದವರನ್ನೂ ಸ್ಮರಿಸುವುದು ನಮ್ಮ ಕರ್ತವ್ಯ. ಬೆಳಗಿನ ಬಲಿಪೂಜೆಯಲ್ಲಿ ಭಕ್ತಿಗೀತೆಗೆ ಪಿಟೀಲು ಹಿಡಿದ ಕೈಯೇ ಸಂಜೆ ಮದುವೆಯ ಚಪ್ಪರದಲ್ಲಿ ಕುಣಿತದ ಮಟ್ಟುಗಳನ್ನು ನುಡಿಸುವುದನ್ನು ನಾವು ಕಂಡಿದ್ದೇವೆ. ಅದನ್ನು ಕಂಡು ಮುಖ ಗಂಟಿಕ್ಕಿದ ಹಿರಿಯರನ್ನೂ ಕಂಡಿದ್ದೇವೆ. ದೇವರ ಸನ್ನಿಧಿಯಲ್ಲಿ ಕಲಿತ ವಿದ್ಯೆಯನ್ನು ಲೋಕದ ವಿನೋದಕ್ಕಾಗಿ ಬಳಸುವುದು ಸರಿಯೇ? ಈ ಪ್ರಶ್ನೆಯು ಇಂದು ನಿನ್ನೆಯದಲ್ಲ. ಶ್ರೀಸಭೆಯ ಇತಿಹಾಸವು ಇದಕ್ಕೆ ನೀಡುವ ಉತ್ತರವನ್ನು ಪರಾಮರ್ಶಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಹದಿನೈದನೆಯ ಶತಮಾನದಿಂದಲೂ ಯೂರೋಪಿನ ಸಂಗೀತಗಾರರು ಲೌಕಿಕ ಗೀತೆಗಳ ಮಟ್ಟನ್ನೇ ಆಧಾರವಾಗಿಟ್ಟುಕೊಂಡು ಬಲಿಪೂಜೆಯ ಸಂಗೀತವನ್ನು ರಚಿಸುತ್ತಿದ್ದರು. ಶಸ್ತ್ರಧಾರಿಯೊಬ್ಬನನ್ನು ಕುರಿತ 'ಲೋಮ್ ಆರ್ಮೆ' ಎಂಬ ಫ್ರೆಂಚ್ ಹಾಡಿನ ಮಟ್ಟು ಅನೇಕ ಪೂಜಾಸಂಗೀತಗಳಿಗೆ ತಳಹದಿಯಾಯಿತು. ಇಂಥ ಬೆರಕೆಯು ಅತಿಯಾದಾಗ ಟ್ರೆಂಟ್ ಮಹಾಸಭೆಯು 1562ರ ಸೆಪ್ಟೆಂಬರ್ 17ರಂದು, ತನ್ನ ಇಪ್ಪತ್ತೆರಡನೆಯ ಅಧಿವೇಶನದಲ್ಲಿ, ಅಶ್ಲೀಲವೂ ಅಶುದ್ಧವೂ ಆದ ಸಂಗೀತವನ್ನು ದೇವಾಲಯಗಳಿಂದ ದೂರವಿಡತಕ್ಕದ್ದೆಂದು ಆಜ್ಞಾಪಿಸಿತು. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಮಹಾಸಭೆಯು ಕಾಯಲು ಹೊರಟದ್ದು ದೇವಾಲಯವನ್ನು. ಹೊಸ್ತಿಲಿನ ಆಚೆ ಮನುಷ್ಯನು ಹಾಡುವುದನ್ನು ಆ ಆಜ್ಞೆಯು ನಿಷೇಧಿಸಲಿಲ್ಲ.

ಆ ಕಾಲದ ಇಕ್ಕಟ್ಟನ್ನು ತನ್ನ ಬಾಳಿನಲ್ಲಿಯೇ ಅನುಭವಿಸಿದ ಮಹನೀಯನು ಜೊವಾನ್ನಿ ಪಿಯೆರ್ಲುಯಿಜಿ ದ ಪಾಲೆಸ್ತ್ರೀನ. ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಗಾನಗುರುವಾಗಿದ್ದ ಈತನು 1555ರಲ್ಲಿ ಜಗದ್ಗುರುಗಳ ಸ್ವಂತ ಗಾನವೃಂದಕ್ಕೆ ಸೇರ್ಪಡೆಗೊಂಡನು. ವಿವಾಹಿತನೆಂಬ ಕಾರಣದಿಂದ ಅದೇ ವರುಷ ನಾಲ್ಕನೆಯ ಪೌಲರು ಈತನನ್ನು ಅಲ್ಲಿಂದ ಬಿಡುಗಡೆ ಮಾಡಿದರು. ಈತನ ಪ್ರೇಮಗೀತೆಗಳ, ಅಂದರೆ 'ಮ್ಯಾಡ್ರಿಗಲ್'ಗಳ, ಪ್ರಥಮ ಸಂಪುಟವು ಪ್ರಕಟವಾದದ್ದೂ ಅದೇ 1555ರಲ್ಲಿ. ಮುಂದೆ ಕೀರ್ತಿಯ ಶಿಖರವನ್ನೇರಿದ ಮೇಲೆ, 1584ರಲ್ಲಿ, ಪರಮಗೀತೆಯ ವಚನಗಳಿಗೆ ರಾಗ ಸಂಯೋಜಿಸಿ ಹದಿಮೂರನೆಯ ಗ್ರೆಗೊರಿಯವರಿಗೆ ಅರ್ಪಿಸುವಾಗ, ತಾನೂ ಹಿಂದೆ ಪ್ರೇಮಗೀತೆಗಳಿಗೆ ಕೈಹಾಕಿದ್ದಕ್ಕೆ ನಾಚಿ ಪರಿತಪಿಸುವುದಾಗಿ ಅರ್ಪಣೆಯಲ್ಲಿ ಬರೆದುಕೊಂಡನು. ಆದರೆ ಎರಡೇ ವರುಷಗಳಲ್ಲಿ, 1586ರಲ್ಲಿ, ಆತನ ಮತ್ತೊಂದು ಮ್ಯಾಡ್ರಿಗಲ್ ಸಂಪುಟವು ಬೆಳಕು ಕಂಡಿತು! ಇದನ್ನು ಕಪಟವೆಂದು ಬಗೆಯುವುದು ನಮಗೆ ಒಪ್ಪಿಗೆಯಿಲ್ಲ. ಭಕ್ತನಾದ ಕಲಾವಿದನ ಅಂತರಂಗದಲ್ಲಿ ನಾಚಿಕೆಯೂ ಹಂಬಲವೂ ಜೊತೆಯಾಗಿಯೇ ನೆಲೆಸಿರಬಲ್ಲವು. ಶ್ರೀಸಭೆಯಾದರೋ ಆತನನ್ನು ದೂರ ತಳ್ಳಲಿಲ್ಲ. 1571ರಲ್ಲಿ ಮರಳಿ ಪಡೆದಿದ್ದ ಸಂತ ಪೇತ್ರರ ದೇವಾಲಯದ ಗಾನಗುರುವಿನ ಸ್ಥಾನದಲ್ಲಿ ಆತನು 1594ರಲ್ಲಿ ಕಣ್ಮುಚ್ಚುವವರೆಗೂ ಮುಂದುವರಿದನು.

ಎರಡು ಶತಮಾನಗಳ ತರುವಾಯ ಆಸ್ಟ್ರಿಯದ ಜೋಸೆಫ್ ಹೈಡನ್‌ನಲ್ಲಿ ಈ ತೊಳಲಾಟವು ಶಮನಗೊಂಡುದನ್ನು ಕಾಣುತ್ತೇವೆ. ವಿಯೆನ್ನಾದ ಸಂತ ಸ್ತೆಫಾನರ ಮಹಾದೇವಾಲಯದಲ್ಲಿ ಬಾಲಗಾಯಕನಾಗಿ ಬೆಳೆದ ಈತನು 1761ರಿಂದ ಎಸ್ಟರ್‌ಹಾಜಿ ರಾಜಮನೆತನದ ಸೇವೆಯಲ್ಲಿದ್ದು ನೂರಕ್ಕೂ ಮಿಕ್ಕಿ ಸಿಂಫನಿಗಳನ್ನೂ ಅನೇಕ ಸಂಗೀತ ನಾಟಕಗಳನ್ನೂ ರಚಿಸಿದನು. ತನ್ನ ಹಸ್ತಪ್ರತಿಗಳ ಆದಿಯಲ್ಲಿ 'ಪ್ರಭುವಿನ ನಾಮದಲ್ಲಿ' ಎಂದೂ ಅಂತ್ಯದಲ್ಲಿ 'ದೇವರಿಗೆ ಸ್ತುತಿ' ಎಂದೂ ಲತೀನ್ ಭಾಷೆಯಲ್ಲಿ ಬರೆಯುವುದು ಆತನ ರೂಢಿ. ಬಲಿಪೂಜೆಗಾಗಿ ಬರೆದವುಗಳಿಗೆ ಮಾತ್ರವಲ್ಲ, ಅರಮನೆಯ ಮನರಂಜನೆಗೆ ಬರೆದವುಗಳಿಗೂ ಅದೇ ಆದಿ, ಅದೇ ಅಂತ್ಯ. ರಚನೆಯು ಮುಂದೆ ಸಾಗದೆ ನಿಂತಾಗ ಆತನು ಜಪಸರವನ್ನು ಕೈಗೆತ್ತಿಕೊಳ್ಳುತ್ತಿದ್ದನೆಂದು ಜೀವನಚರಿತ್ರೆಕಾರರು ಬರೆದಿದ್ದಾರೆ.

ಇನ್ನು ನಮ್ಮ ಕರಾವಳಿಗೆ ಬರೋಣ. ಇಲ್ಲಿಯ ಕಥೆಯಲ್ಲಿ ನೋವಿನ ಅಧ್ಯಾಯವೂ ಉಂಟು. ಅದನ್ನು ಮುಚ್ಚಿಡುವುದು ಇತಿಹಾಸಕ್ಕೆ ಸಲ್ಲದು. ಗೋವೆಯಲ್ಲಿ 1560ರಲ್ಲಿ ಸ್ಥಾಪಿತವಾಗಿದ್ದ ಇಂಕ್ವಿಜಿಶನ್ ಎಂಬ ಧರ್ಮವಿಚಾರಣಾ ನ್ಯಾಯಾಲಯವು 1736ರಲ್ಲಿ ಹೊರಡಿಸಿದ ಆಜ್ಞಾಪತ್ರದಲ್ಲಿ, ಮದುವೆ ಮನೆಗಳಲ್ಲಿ ಹೆಂಗಸರು ಕೊಂಕಣಿಯಲ್ಲಿ ಹಾಡುತ್ತಿದ್ದ 'ವೊವಿಯೊ'ಗಳನ್ನು ನಿಷೇಧಿಸಿತು. ಇದು ದೇವಾಲಯದ ಹಾಡಾಗಿರಲಿಲ್ಲ, ಮನೆಯಂಗಳದ ಹಾಡಾಗಿತ್ತು. ಟ್ರೆಂಟ್ ಮಹಾಸಭೆಯು ದಾಟದ ಹೊಸ್ತಿಲನ್ನು ಈ ನ್ಯಾಯಾಲಯವು ದಾಟಿತು. ಫಲವೇನಾಯಿತು? ನ್ಯಾಯಾಲಯವು 1812ರಲ್ಲಿ ಕೊನೆಗೊಂಡಿತು, ಹಾಡು ಉಳಿಯಿತು. ಗೋವೆಯಿಂದ ದಕ್ಷಿಣಕ್ಕೆ ವಲಸೆ ಬಂದ ನಮ್ಮ ಪೂರ್ವಜರ ಸಂತತಿಯಲ್ಲಿ, ಮದುವೆಯ ಮುನ್ನಾದಿನ ವಧುವರರಿಗೆ ತೆಂಗಿನ ಹಾಲನ್ನು ಹಚ್ಚುವ 'ರೋಸ್' ಸಂಭ್ರಮದಲ್ಲಿ ಮಂಗಳೂರಿನ ಕಥೋಲಿಕ ಮನೆಗಳು ಇಂದಿಗೂ ವೊವಿಯೊಗಳನ್ನು ಹಾಡುತ್ತವೆ. ಶಿಲುಬೆಯ ಗುರುತನ್ನು ಸ್ಮರಿಸಿ ಹಾಡನ್ನು ತೊಡಗುವ ವಾಡಿಕೆಯೂ ಉಂಟು. ಯಾವುದನ್ನು ವಿಶ್ವಾಸಕ್ಕೆ ಅಪಾಯವೆಂದು ಬಗೆಯಲಾಗಿತ್ತೋ ಅದೇ ಇಂದು ವಿಶ್ವಾಸಿ ಕುಟುಂಬದ ಆಸ್ತಿಯಾಗಿದೆ.

ಅದೇ ಗೋವೆಯಲ್ಲಿ ಇಗರ್ಜಿಗಳಿಗೆ ಸೇರಿದ ಶಾಲೆಗಳು ಬಡಮಕ್ಕಳಿಗೂ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸಿದವೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು. ಆ ವಿದ್ಯೆಯ ಬಲದಿಂದ ಅನೇಕರು ಮುಂಬಯಿಯ ಚಲನಚಿತ್ರ ವಾದ್ಯವೃಂದಗಳಲ್ಲಿ ಜೀವನೋಪಾಯವನ್ನು ಕಂಡುಕೊಂಡರು. ಮಜೋರ್ಡಾ ಇಗರ್ಜಿಯ ಗಾನಗುರುವಿನ ಮಗನಾಗಿ 1927ರಲ್ಲಿ ಜನಿಸಿದ ಆಂಟನಿ ಗೊನ್ಸಾಲ್ವಿಸ್ ಅವರು ಪ್ಯಾರೇಲಾಲ್ ಅವರಂತಹವರಿಗೆ ಪಿಟೀಲಿನ ಗುರುವಾದರು. 1977ರ ಹಿಂದಿ ಚಿತ್ರವೊಂದರ ಹಾಡಿನಲ್ಲಿ ಆ ಶಿಷ್ಯನು ಗುರುವಿನ ಹೆಸರನ್ನು ನಾಡಿಗೆಲ್ಲ ಕೇಳಿಸಿದುದನ್ನು ಯಾರು ಅರಿಯರು? ಇಗರ್ಜಿಯಲ್ಲಿ ಬಿತ್ತಿದ ಬೀಜವು ಹೊರಗೆ ಫಲಿಸಿದುದರಿಂದ ಇಗರ್ಜಿಗೆ ನಷ್ಟವಾಯಿತೆಂದು ನಾವು ಎಣಿಸುವುದಿಲ್ಲ.

ಜಗದ್ಗುರು ಹತ್ತನೆಯ ಪಿಯುಸ್ 1903ರ ನವೆಂಬರ್ 22ರಂದು, ಸಂತ ಸಿಸಿಲಿಯಳ ಹಬ್ಬದಂದೇ, ದೇವಾಲಯದೊಳಗೆ ಪಿಯಾನೊ, ಡೋಲು ಮೊದಲಾದವುಗಳನ್ನು ನಿಷೇಧಿಸಿದರೂ, ಹೊರಗಣ ಮೆರವಣಿಗೆಗೆ ಧರ್ಮಾಧ್ಯಕ್ಷರ ಅನುಮತಿಯಿಂದ ಬ್ಯಾಂಡನ್ನು ಬಳಸಲು, ಲೌಕಿಕ ಮಟ್ಟುಗಳನ್ನು ನುಡಿಸಬಾರದೆಂಬ ಷರತ್ತಿನ ಮೇಲೆ, ಎಡೆಗೊಟ್ಟರು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಆಯಾ ಜನಾಂಗದ ಸಂಗೀತ ಪರಂಪರೆಯನ್ನು ಆರಾಧನೆಯಲ್ಲಿಯೂ ಆದರಿಸಬೇಕೆಂದಿತು; 1965ರಲ್ಲಿ ಕಲಾವಿದರಿಗೆ ಸುವ್ಯವಸ್ಥಿತವಾದ ಸ್ವಾತಂತ್ರ್ಯವು ಸಲ್ಲತಕ್ಕದ್ದೆಂದೂ ಅವರ ಕಾರ್ಯವನ್ನು ಶ್ರೀಸಭೆಯು ಮನ್ನಿಸುವುದೆಂದೂ ಸಾರಿತು.

ಪೀಠದ ಸಂಗೀತಕ್ಕೆ ಕಟ್ಟುಪಾಡು ಬೇಕು. ಅದು ನಮ್ಮ ಇಚ್ಛೆಯ ಸೊತ್ತಲ್ಲ, ಆರಾಧಿಸುವ ಇಡೀ ಸಮುದಾಯದ್ದು. ಹೊಸ್ತಿಲಿನ ಆಚೆಯಾದರೋ ಕ್ರೈಸ್ತನಾದವನು ತನ್ನ ಮನಸ್ಸಾಕ್ಷಿಯನ್ನು ಜೊತೆಗಿಟ್ಟುಕೊಂಡು ಸ್ವತಂತ್ರನಾಗಿ ಹಾಡಬಹುದು, ರಚಿಸಬಹುದು, ನುಡಿಸಬಹುದು. ಆದುದರಿಂದ ಸಂಜೆಯ ಚಪ್ಪರದಲ್ಲಿ ಪಿಟೀಲು ಹಿಡಿದ ನಮ್ಮ ಗಾನವೃಂದದ ತರುಣನನ್ನು ಕಂಡಾಗ ಮುಖ ಗಂಟಿಕ್ಕದಿರೋಣ. ಮರುದಿನದ ಬಲಿಪೂಜೆಗೂ ಆತನು ಅದೇ ಪಿಟೀಲನ್ನು ತರಲೆಂದು ಹಾರೈಸೋಣ. ನಮಗೆ ಸ್ವರಗಳನ್ನು ಕಲಿಸಿ ಅಗಲಿದ ಗಾನಗುರುಗಳೆಲ್ಲರಿಗೆ ಪ್ರಭುವು ನಿತ್ಯಶಾಂತಿಯನ್ನು ದಯಪಾಲಿಸಲಿ.