ಬಾಯಿಮಾತಿನ ತೀರ್ಮಾನ, ಬರಹದ ತೀರ್ಮಾನ

‘ಇನ್ನು ಮನೆಗೆ ಕರ್ಕೊಂಡು ಹೋಗಿ.’ ಬಸವಾಪಟ್ಟಣದಂಥ ಊರಿನಿಂದ ಹಿರಿಯರನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ ಎಷ್ಟೋ ಮನೆಯವರು ಕೇಳಿರುವ ಮಾತಿದು. ವಿಚಿತ್ರವೆಂದರೆ, ಹೊರಡುವಾಗ ಅವರು ಸಹಿ ಹಾಕುವ ಕಾಗದದಲ್ಲಿ ಅನೇಕ ಸಲ ಇರುವುದು ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ’ ಎಂದು! ಹೇಳಿದ್ದೊಂದು, ಬರೆದದ್ದೊಂದು.

ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ನಡೆಸುವ ವಿಧಾನವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಂಡ ಪ್ರಕಟಿಸಿದ್ದು 1960ರಲ್ಲಿ. ಹಠಾತ್ತನೆ ಹೃದಯ ನಿಂತವರಿಗೆ ಅದು ಸಂಜೀವಿನಿ. ಆದರೆ ಬರಬರುತ್ತಾ ಸಾವಿನ ಅಂಚಿನಲ್ಲಿದ್ದ ಎಲ್ಲರ ಮೇಲೂ ಅದರ ಪ್ರಯೋಗ ನಡೆಯಿತು. ಕ್ಯಾನ್ಸರಿನಿಂದ ಜರ್ಜರಿತವಾದ ದೇಹಕ್ಕೆ ಸಿಗುತ್ತಿದ್ದುದು ಮುರಿದ ಪಕ್ಕೆಲುಬು ಮಾತ್ರ. ಬೇಡವೆನಿಸಿದಾಗ ವೈದ್ಯರು ದಾದಿಯರಿಗೆ ಪಿಸುಮಾತಿನಲ್ಲಿ ತಿಳಿಸುತ್ತಿದ್ದರು. ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಂತೂ ರೋಗಿಯ ಕಾರ್ಡಿಗೆ ನೇರಳೆ ಚುಕ್ಕೆ ಅಂಟಿಸುತ್ತಿದ್ದರು. ರೋಗಿ ತೀರಿಕೊಂಡರೆ ಕಾರ್ಡೂ ಮಾಯ. 1984ರ ತನಿಖಾ ವರದಿ ಇದನ್ನು ಬಯಲಿಗೆಳೆಯಿತು. 1987ರಲ್ಲಿ ಆ ರಾಜ್ಯ ಕಾನೂನನ್ನೇ ಮಾಡಿತು.

ನಮ್ಮ ದೇಶದಲ್ಲಿ ಈ ಚರ್ಚೆಯ ಕೇಂದ್ರವಾದವರು ಹೊನ್ನಾವರ ತಾಲ್ಲೂಕು ಹಳದೀಪುರದ ಅರುಣಾ ಶಾನಭಾಗ. ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅವರು 1973ರಲ್ಲಿ ಹಲ್ಲೆಗೊಳಗಾಗಿ ಪ್ರಜ್ಞೆ ಕಳೆದುಕೊಂಡರು. ಅವರ ಆಹಾರ ನಿಲ್ಲಿಸಲು 2011ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ ಕೃತಕ ಜೀವಾಧಾರ ಹಿಂತೆಗೆಯಬಹುದೆಂಬ ತತ್ತ್ವವನ್ನು ಮಾನ್ಯ ಮಾಡಿತು. ಸಹೋದ್ಯೋಗಿ ದಾದಿಯರು 2015ರಲ್ಲಿ ಅವರು ತೀರಿಕೊಳ್ಳುವವರೆಗೂ ಆರೈಕೆ ಮಾಡಿದರು. ಎಲ್ಲರೂ ಅವರ ಪರವಾಗಿ ಮಾತಾಡಿದರು, ಅವರ ಇಚ್ಛೆ ಮಾತ್ರ ಎಲ್ಲೂ ಬರೆದಿರಲಿಲ್ಲ.

2018ರಲ್ಲಿ ಸುಪ್ರೀಂ ಕೋರ್ಟ್ ಮುಂಗಡ ಇಚ್ಛಾಪತ್ರಕ್ಕೆ ಮನ್ನಣೆ ನೀಡಿತಾದರೂ ಮ್ಯಾಜಿಸ್ಟ್ರೇಟರ ಸಹಿ ಬೇಕೆಂದಿತು. ಯಾರು ಅಲೆದಾರು? 2023ರಲ್ಲಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕೆಂದು ಸಡಿಲಿಸಿತು. ಎದೆ ಒತ್ತಬಾರದೆಂಬ ನಿರ್ಧಾರವನ್ನು ದಾಖಲಿಸುವ ಬಗ್ಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲೇ ಮಾರ್ಗಸೂಚಿ ಕೊಟ್ಟಿತ್ತು. ಅದರ ಅರ್ಥ ರೋಗಿಯನ್ನು ಕೈಬಿಡುವುದೆಂದಲ್ಲ. ನೋವಿನ ಮದ್ದು, ಶುಶ್ರೂಷೆ ಎಲ್ಲ ಮುಂದುವರಿಯಬೇಕು.

ಕರ್ನಾಟಕ ಸರ್ಕಾರ ಕೋರ್ಟಿನ ತೀರ್ಪು ಜಾರಿಗೆ ಆದೇಶ ಹೊರಡಿಸಿದ್ದು 2025ರ ಜನವರಿ 30ರಂದು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯ ಸಾವಿನ ಹಕ್ಕಿಗಾಗಿ ಅದಕ್ಕೂ ಮುಂಚೆ ಎರಡು ದಶಕ ಹೋರಾಡಿದ್ದರು. ಈಗ ಕೃತಕ ಜೀವಾಧಾರ ತೆಗೆಯಲು ಎರಡು ವೈದ್ಯಕೀಯ ಮಂಡಳಿಗಳು ಒಪ್ಪಬೇಕು, ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಇಚ್ಛಾಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಅದರ ಒಂದು ಪ್ರತಿ ಸ್ಥಳೀಯ ಸಂಸ್ಥೆಯ ಅಧಿಕಾರಿಯ ಸುಪರ್ದಿಗೆ ಹೋಗಬೇಕು. ಹಳ್ಳಿಯವರಿಗೆ ಅದು ತಮ್ಮ ಪಂಚಾಯಿತಿ.