ಹೆರಿಗೆ ರಜೆ ಸಾವುಕಾರ್ರು ಕೊಟ್ಟಿದ್ದಲ್ಲ



ಕಳಸ, ಮೂಡಿಗೆರೆ ಕಡೆ ಲೈನ್ ಮನೆಗಳಿಗೆ ಹೋದಾಗಲೆಲ್ಲ ಒಂದು ಮಾತು ಕಿವಿಗೆ ಬೀಳುತ್ತೆ. ಹೆರಿಗೆ ಟೈಮಲ್ಲಿ ಸಾವುಕಾರ್ರು ಅಷ್ಟೋ ಇಷ್ಟೋ ಕೊಟ್ರು, ಒಳ್ಳೆಯವರು ಅಂತ. ಕೊಟ್ಟಿದ್ದರೆ ಸಂತೋಷ. ಆದರೆ ಆ ದುಡ್ಡು ಯಾರ ಒಳ್ಳೆತನದ ಮೇಲೂ ನಿಂತಿಲ್ಲ.

1928ರ ಜುಲೈ 28. ಬಾಂಬೆ ಶಾಸನ ಪರಿಷತ್ತು. ನಮ್ಮ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಆಗ ಆ ಪ್ರಾಂತ್ಯದಲ್ಲೇ ಇದ್ದವು. ಕಾರ್ಖಾನೆಯಲ್ಲಿ ದುಡಿಯೋ ಹೆಂಗಸರಿಗೆ ಹೆರಿಗೆ ಭತ್ಯೆ ಕೊಡಿಸುವ ಮಸೂದೆ ಚರ್ಚೆಗೆ ಬಂದಿತ್ತು. ಬಾಬಾಸಾಹೇಬರು ಆಗ ನಾಮನಿರ್ದೇಶಿತ ಸದಸ್ಯರು, ವಯಸ್ಸು 37. (ಮಸೂದೆ ಮಂಡಿಸಿದ್ದೇ ಅವರು ಅಂತ ವಾಟ್ಸಾಪಲ್ಲಿ ಓಡಾಡ್ತಿದೆ. ಅಲ್ಲ, ಅವರು ಎದ್ದು ನಿಂತು ಬೆಂಬಲಿಸಿದ್ದು. ಇಲ್ಲದ್ದು ಸೇರಿಸಿ ಅವರನ್ನು ದೊಡ್ಡವರು ಮಾಡೋ ಅಗತ್ಯ ನಮಗಿಲ್ಲ.)

ಅವರ ವಾದ ನೋಡಿ. ಹೆರಿಗೆಗೆ ಮುಂಚೆ, ಆಮೇಲೆ ತಾಯಿಗೆ ವಿಶ್ರಾಂತಿ ಸಿಗೋದು ದೇಶದ ಹಿತ, ಹಾಗಾಗಿ ಖರ್ಚಿನ ದೊಡ್ಡ ಪಾಲು ಸರ್ಕಾರದ್ದೇ ಆಗಬೇಕು ಅಂತ ಒಪ್ಪಿಕೊಂಡರು. ಆದರೆ ಮಾಲೀಕನನ್ನು ಬಿಟ್ಟುಬಿಡಲಿಲ್ಲ. ಕೆಲವು ಕೆಲಸಕ್ಕೆ ಅವನು ಹೆಂಗಸರನ್ನೇ ಯಾಕೆ ಇಟ್ಕೊಳ್ತಾನೆ? ಗಂಡಸರಿಗಿಂತ ಹೆಚ್ಚು ಲಾಭ ಅಂತ. ಲಾಭ ತಗೊಂಡವನು ಭಾರವನ್ನೂ ಹೊರಲಿ ಅಂದರು. ಕಾಫಿ ಕುಯ್ಲಲ್ಲಿ ಹೆಂಗಸರೇ ಯಾಕೆ ಜಾಸ್ತಿ ಅನ್ನೋದಕ್ಕೂ ಇದೇ ಉತ್ತರ ಅಲ್ವಾ?

1929ರಲ್ಲಿ ಅದು ಕಾನೂನಾಯಿತು. ಆದರೆ ಕಾರ್ಖಾನೆಗೆ ಮಾತ್ರ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಪ್ಲಾಂಟೇಶನ್ ಅನ್ನೋ ಪದ ಹೆಸರು ಹಿಡಿದು ಸೇರಿತು. ಮೊದಲು 160 ದಿನ ದುಡಿದಿರಬೇಕಿತ್ತು, 1988ರ ತಿದ್ದುಪಡಿ ಅದನ್ನು 80ಕ್ಕೆ ಇಳಿಸಿತು. 2017ರಲ್ಲಿ ರಜೆ 12 ವಾರದಿಂದ 26 ವಾರ ಆಯಿತು, ಮೊದಲ ಎರಡು ಮಕ್ಕಳಿಗೆ. ದಿನಗೂಲಿಯವರಿಗೂ ಇದು ಅನ್ವಯ ಅಂತ 2000ದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೇಸು ದೆಹಲಿ ಪಾಲಿಕೆಯ ಮಸ್ಟರ್ ರೋಲ್ ಹೆಂಗಸರದ್ದು. 2025ರ ನವೆಂಬರ್ 21ರಿಂದ ಹಳೇ ಕಾಯ್ದೆ ಹೋಗಿ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಅದರಲ್ಲೂ 80 ದಿನ, 26 ವಾರ ಹಾಗೇ ಇದೆ.

ಈಗ ಲೆಕ್ಕ ಹಾಕಿ. ನವೆಂಬರಲ್ಲಿ ಅರೇಬಿಕಾ ಶುರುವಾಗಿ ಫೆಬ್ರವರಿಗೆ ರೊಬಸ್ಟಾ ನಡೀತಿರುತ್ತೆ. ಒಂದೇ ತೋಟದಲ್ಲಿ ಬಿಡದೆ ಕುಯ್ದರೆ ಆ ಒಂದು ಸೀಸನ್‌ನಲ್ಲೇ 80 ದಿನ ದಾಟುತ್ತೆ. ಹಾಗಿದ್ದೂ ಯಾಕೆ ಸಿಗಲ್ಲ? ಚೆಕ್‌ರೋಲಲ್ಲಿ ಅವಳ ಹೆಸರೇ ಇರಲ್ಲ. ಗಂಡ ಹೆಂಡತಿ ಇಬ್ಬರೂ ಕುಯ್ದದ್ದನ್ನು ಗಂಡನ ಹೆಸರಲ್ಲೇ ತೂಕ ಹಾಕೋದನ್ನು ನಾನೇ ನೋಡಿದ್ದೀನಿ. ಮೇಸ್ತ್ರಿ ಕರ್ಕೊಂಡು ಬಂದ ಹೊರರಾಜ್ಯದವರದ್ದಂತೂ ಮೇಸ್ತ್ರಿಯ ಜೇಬಿನ ನೋಟ್‌ಬುಕ್ಕೇ ದಾಖಲೆ.

ಮೂಡಿಗೆರೆ ಮೀಸಲು ಕ್ಷೇತ್ರ. ಇಲ್ಲಿಂದ ಗೆದ್ದ ಮೋಟಮ್ಮನವರು ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಇಲಾಖೆ ಸಚಿವೆ ಆಗಿದ್ದಾಗ, 2000-01ರಲ್ಲಿ ಸ್ತ್ರೀಶಕ್ತಿ ಸಂಘಗಳು ಬಂದವು. ಉಳಿತಾಯದ ಪುಸ್ತಕದಲ್ಲಿ ಹೆಂಗಸರ ಹೆಸರು ಬಂತು. ಚೆಕ್‌ರೋಲಲ್ಲಿ ಇನ್ನೂ ಬರಬೇಕು.

ಅಲ್ಲೀತನಕ ಅಕ್ಕಂದಿರೇ, ಕುಯ್ಲಿಗೆ ಹೋದ ದಿನ, ಕೆ.ಜಿ., ತೋಟದ ಹೆಸರು ಮಕ್ಕಳ ಕೈಲಿ ಒಂದು ಪುಸ್ತಕದಲ್ಲಿ ಬರೆಸಿಡಿ. ತೂಕದ ಚೀಟಿ ಕೊಟ್ಟರೆ ಬಿಸಾಕಬೇಡಿ. ಮೂಡಿಗೆರೆ ಕಡೆಯವರು ಆ ಪುಸ್ತಕ ತಂದು ತೋರಿಸಿ, ಕಾರ್ಮಿಕ ಇಲಾಖೆಗೆ ಅರ್ಜಿ ನಾನೇ ಬರೆದುಕೊಡ್ತೀನಿ.